ಬಾಳವ್ವನವರ ಉತ್ತರ

ಅವ್ವನ ದನಿಯನ್ನು ಒಂದೇ ಹೊತ್ತಿಗೆ ಎರಡು ಕಡೆಯಿಂದ ಕೇಳಿದ್ದು ರಾಜಕುಮಾರನಿಗೆ ಅದೇ ಮೊದಲು. ಮೊದಲು ಗೋಡೆಯ ಆಚೆಯಿಂದ ಬಂತು, ಉಗುಳು ನುಂಗುವಷ್ಟು ಹೊತ್ತು ಬಿಟ್ಟು ಅಂಗೈಯಲ್ಲಿದ್ದ ಫೋನಿನಿಂದ ಬಂತು. "ಒಬ್ರು ಸಾಕ್ರಿ ಸರ್." ಅಷ್ಟೇ. ಅದು ನಿನ್ನೆ ಐತವಾರ ಸಂಜೆ ಐದೂವರೆಯ ಸುಮಾರಿನ ಮಾತು. ಈಗ ಸೋಮವಾರ ಬೆಳಿಗ್ಗೆ ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೂ ಅವನಿಗೆ ಅದೇ ಮಾತು ಕೇಳುತ್ತಿತ್ತು. ಒಬ್ಬರು ಸಾಕು ಎಂಬುದಕ್ಕಿಂತ ಕೊನೆಯ ಆ 'ಸರ್' ಅವನನ್ನು ಹೆಚ್ಚು ಕಾಡುತ್ತಿತ್ತು. ಹೆತ್ತ ತಾಯಿ ಪಕ್ಕದ ಕೋಣೆಯಲ್ಲಿ ಕೂತು ಮಗನನ್ನು ಸರ್ ಎಂದಿದ್ದಳು. ಯಾರೂ ಹೇಳಿಕೊಡದೆ, ಮಗನಿಗೆ ಅದೇ ಬೇಕಾಗಿದೆ ಎಂದು ತಾನೇ ತಿಳಿದು ಅಂದಿದ್ದಳು. ಹಿಂದಿನವರು ತಳ್ಳಿದಾಗ ಅವನು ಮುಂದಕ್ಕೆ ಸರಿದ. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಟಿಕೇಟಿನ ದುಡ್ಡು ತೆಗೆದ.

ಐತವಾರದ ಪ್ರಶ್ನಿ ಎಂಬ ವಾಟ್ಸಾಪ್ ಗುಂಪನ್ನು ಅವನು ಶುರುಮಾಡಿ ಐದು ವರ್ಷವಾಗಿದೆ. ತೊಂಬತ್ತನಾಲ್ಕು ಜನ. ಬಾಗಲಕೋಟೆಯವರು, ಬಾದಾಮಿಯವರು, ಒಬ್ಬರ ಮುಖ ಒಬ್ಬರು ನೋಡದವರು. ವಾರಕ್ಕೊಮ್ಮೆ ಐದು ಗಂಟೆಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ, ಬಹುಮಾನ ಏನೂ ಇಲ್ಲ, ಕಡೆಗೆ ಅಂಕಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಮೇಲೆ ಬರಲಿಕ್ಕೆ ಜನ ಮಾಡುವ ಗದ್ದಲ ನೋಡಿದರೆ ಆಸ್ತಿ ಪಾಲು ನಡೆದಿದೆ ಎನ್ನಬೇಕು. ಕುಳಗೇರಿ ಕ್ರಾಸಿನ ರಾಚಪ್ಪನದು ಗ್ಯಾರೇಜು. ಐತವಾರವೂ ಅವನ ಕೈ ಆಯಿಲ್‌ನಿಂದ ಹೊರಗೆ ಬರುವುದಿಲ್ಲ. ಬೆರಳು ಮುಟ್ಟಿಸಿದರೆ ಫೋನು ಕೆಟ್ಟುಹೋಗುತ್ತದೆ, ಪ್ರಶ್ನೆ ಓದಿ ಹೇಳಿರಿ, ನಾನೂ ಬಾಯಲ್ಲೇ ಉತ್ತರ ಹೇಳುತ್ತೇನೆ ಎಂದು ಅವನು ಕೇಳಿಕೊಂಡಿದ್ದ. ಅಂದಿನಿಂದ ಪ್ರಶ್ನೆಗಳನ್ನು ರಾಜಕುಮಾರ ತನ್ನ ದನಿಯಲ್ಲೇ ಓದಿ ಹಾಕತೊಡಗಿದ. ರೇಡಿಯೋದವರ ಹಾಗೆ ಓದುತ್ತಾರೆ ಎಂದು ಯಾರೋ ಹೊಗಳಿದರು. ಅದೇ ಅವನನ್ನು ಕೆಡಿಸಿತು. ಹುನಗುಂದದ ಕೋರ್ಟಿನ ನಕಲು ವಿಭಾಗದಲ್ಲಿ ಅವನು ಬರೀ ಒಂದು ಕಿಟಕಿ. ವಕೀಲರ ಗುಮಾಸ್ತರು ಮುಖ ನೋಡದೆ ಅರ್ಜಿ ಒಳಗೆ ತಳ್ಳುತ್ತಾರೆ, ಆಯಿತೇನು ಎನ್ನುತ್ತಾರೆ, ಹೋಗುತ್ತಾರೆ. ಐತವಾರ ಐದರಿಂದ ಆರರವರೆಗೆ ಮಾತ್ರ ಅವನು ಸರ್. ಆ ಒಂದು ತಾಸಿಗಾಗಿ ಉಳಿದ ಆರು ದಿನ ಪ್ರಶ್ನೆ ಹುಡುಕುತ್ತಿದ್ದ, ಕನ್ನಡಿಯ ಮುಂದೆ ನಿಂತು ಓದಿ ನೋಡುತ್ತಿದ್ದ. ಹೆಂಡತಿ ಸುನಿತಾ ನಗುತ್ತಿದ್ದಳು.

ಅವ್ವನನ್ನು ಗುಂಪಿಗೆ ಸೇರಿಸಿದ್ದೂ ಸುನಿತಾಳೇ. ಶ್ರಾವಣದಲ್ಲಿ ತನ್ನ ಹಳೆಯ ಫೋನನ್ನು ಅತ್ತೆಗೆ ಕೊಟ್ಟು, ದನಿ ಕೇಳುವುದು ಹೇಗೆ, ಒತ್ತಿ ಹಿಡಿದು ಮಾತಾಡುವುದು ಹೇಗೆ ಎಂದು ಕಲಿಸಿ, 'ಬಾಳವ್ವ, ಇಳಕಲ್' ಎಂದು ಹೆಸರು ಹಾಕಿದ್ದಳು. ಅವ್ವನಿಗೆ ಓದು ಬರಹ ಬಾರದು. ರಾಚಪ್ಪನ ದಯೆಯಿಂದ ಅವಳಿಗೂ ಪ್ರಶ್ನೆಗಳು ಸಿಕ್ಕವು. ಅವಳು ನಿಮ್ಮ ತಾಯಿಯೇನು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಬಸ್ಸಿನ ಕಿಟಕಿಯಿಂದ ಒಳಗೆ ಬಂದ ಧೂಳಿಗೆ ಕಣ್ಣು ಕಿರಿದು ಮಾಡುತ್ತ ಅವನು ಈಗ ಅದನ್ನು ಒಪ್ಪಲಿಲ್ಲ. ಸಂದರ್ಭ ಪ್ರತಿ ವಾರ ಬಂದಿತ್ತು. ಒಮ್ಮೆ ಬಾಗಲಕೋಟೆಯ ನರ್ಸ್ ಕಾಸಿಂಬಿ, ಬಾಳವ್ವ ಎನ್ನುವವರು ಬರೀ ಕೇಳುತ್ತಾರೆ, ಉತ್ತರ ಹೇಳುವುದಿಲ್ಲ, ಯಾರವರು ಎಂದು ಬರೆದಾಗ ಅವನು, ನಮ್ಮ ಊರಿನವರೇ ಎಂದು ಬರೆದಿದ್ದ. ಸುಳ್ಳೇನಲ್ಲ. ಅಷ್ಟು ಅಚ್ಚುಕಟ್ಟಾಗಿ ಸುಳ್ಳಲ್ಲದ ಮಾತನ್ನು ಅವನು ಕೋರ್ಟಿನಲ್ಲಿ ದಿನಾ ನೋಡುತ್ತಿದ್ದ.

ಏಳು ತಿಂಗಳು ಅವಳು ಸುಮ್ಮನೆ ಕೇಳಿದ್ದಳು. ಐತವಾರ ಐದಾಗುತ್ತಲೇ ಹಿಂದಿನ ಕೋಣೆಯಲ್ಲಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಎದುರಿಗೆ ಕೂರುತ್ತಿದ್ದಳು. ಫ್ರಾನ್ಸಿನ ರಾಜಧಾನಿ ಯಾವುದವ್ವ ಎಂದು ಅವನು ಊಟದ ಹೊತ್ತಿಗೆ ಕೆಣಕಿದರೆ, "ನನಗೇನ ಗೊತ್ತೈತಿ ತಮ್ಮಾ, ನೀ ಓದೂದು ಚಂದ ಕೇಳಸ್ತೈತಿ, ಅದಕ್ಕ ಕೇಳ್ತೇನಿ" ಎನ್ನುತ್ತಿದ್ದಳು. ಅವನಿಗೆ ಹಿಗ್ಗಾಗುತ್ತಿತ್ತು. ನಿನ್ನೆ ಮೊದಲ ಪ್ರಶ್ನೆ ಮಲಪ್ರಭೆ ಕೃಷ್ಣೆಯನ್ನು ಎಲ್ಲಿ ಕೂಡುತ್ತಾಳೆ ಎಂಬುದು. ಕೂಡಲಸಂಗಮ ಎಂದು ಮಳೆ ಸುರಿದ ಹಾಗೆ ಉತ್ತರ ಬಂದವು. ಅವಳಿಗೂ ಅದು ಗೊತ್ತಿತ್ತು, ಹೇಳಲಿಲ್ಲ. ಎರಡು, ಮೂರು ಮುಗಿದವು. ನಾಲ್ಕನೆಯದನ್ನು ಅವನು ಇಂಟರ್ನೆಟ್ಟಿನ ಯಾವುದೋ ಪುಟದಿಂದ ತೆಗೆದುಕೊಂಡಿದ್ದ. ಊರಿನ ಹೆಮ್ಮೆ ಎಂದು ದನಿಗೆ ಒಂದಿಷ್ಟು ತೂಕ ಸೇರಿಸಿ ಓದಿದ. "ಪ್ರಶ್ನೆ ನಾಲ್ಕು. ಇಳಕಲ್ ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಲು ಎಷ್ಟು ಜನ ಬೇಕು?" ಓದಿ ಬೆರಳು ಎತ್ತುವಷ್ಟರಲ್ಲೇ ಗೋಡೆಯ ಆಚೆಯಿಂದ ಉತ್ತರ ಬಂತು. ತೊಂಬತ್ತನಾಲ್ಕು ಜನರಲ್ಲಿ ಅವಳೇ ಮೊದಲು. ಅಷ್ಟು ಅವಸರವಾಗಿ ಅವಳು ಏನನ್ನಾದರೂ ಹೇಳಿದ್ದನ್ನು ಅವನು ಕೇಳಿರಲಿಲ್ಲ. ದನಿಯಲ್ಲಿ ಒಂದು ಸಂತೋಷವಿತ್ತು. ಪಾಪ, ತನ್ನ ಕೈಗೇ ಗೊತ್ತಿರುವ ಒಂದು ಪ್ರಶ್ನೆಗಾಗಿ ಏಳು ತಿಂಗಳು ಕಾದಿದ್ದಳು.

ಅದರ ಬೆನ್ನಿಗೇ ಬಾದಾಮಿಯ ಟೀಚರ್ ನರ್ಗೀಸ ಮೂವರು ಎಂದು ಬರೆದರು. ಪುಟದಲ್ಲಿ ಇದ್ದದ್ದೂ ಅದೇ. ಅವನು ಗಂಟಲು ಸರಿಮಾಡಿಕೊಂಡು ಹೇಳಿದ್ದ: "ಸರಿ ಉತ್ತರ ಮೂವರು. ನರ್ಗೀಸ ಮೇಡಂ ಅವರಿಗೆ ಹತ್ತು ಅಂಕ. ಬಾಳವ್ವನವರ ಉತ್ತರ ತಪ್ಪು. ಇಳಕಲ್‌ನವರೇ ಹೀಗೆ ಹೇಳಿದರೆ ಉಳಿದವರು ಯಾರನ್ನು ಕೇಳಬೇಕು ಬಾಳವ್ವನವರೇ?" ಹೇಳುವಾಗ ನಗು ಸೇರಿತ್ತು. ಸಾಲದೆಂದು ನಗುವ ಮುಖದ ಚಿತ್ರವನ್ನೂ ಹಾಕಿದ. ಅವನು ಹಾಕಿದ ಮೇಲೆ ಹನ್ನೊಂದು ಜನ ಹಾಕಿದರು. ರಾಚಪ್ಪನ ದನಿ ಬಂತು, ಹಿಂದೆ ಯಾವುದೋ ಟ್ರ್ಯಾಕ್ಟರಿನ ಗುಡುಗು. "ಬಾಳವ್ವಾರ, ಕೆಲಸ ನೀವೊಬ್ರ ಮಾಡೀರಂದ್ರ ಉಳದ ಇಬ್ರು ಚಾ ಕುಡ್ಯಾಕ ಹೋಗಿದ್ರೇನ್ರಿ?" ಗುಂಪೆಲ್ಲ ನಕ್ಕಿತು. ಗೋಡೆಯ ಆಚೆ ಉಪ್ಪಿನ ಡಬ್ಬಿ ಹಲಗೆಯ ಮೇಲೆ ಸರಿದ ಸದ್ದು, ಆಮೇಲೆ ನೀರು ಸುರಿದ ಸದ್ದು. ಅವನು ಐದನೆಯ ಪ್ರಶ್ನೆ ಓದಿದ.

ಹುನಗುಂದ ಬಂತು. ಇಳಿದು ನಡೆಯುವಾಗ ಬಿಸಿಲು ಆಗಲೇ ಕತ್ತಿನ ಹಿಂದೆ ಸುಡುತ್ತಿತ್ತು. ಚಾದಂಗಡಿಯ ಮುಂದೆ ಯಾರೋ ಅವನ ಹೆಸರು ಕರೆದಂತಾಗಿ ತಿರುಗಿದ, ಬೇರೆ ಯಾರನ್ನೋ ಕರೆಯುತ್ತಿದ್ದರು. ಉಳಿದ ಇಬ್ಬರು ಎಲ್ಲಿ ಹೋಗಿದ್ದರು? ಅಪ್ಪ ಶಿವಸಂಗಪ್ಪ ಇದ್ದಾಗ ಮೂರು ಜನ ಇರುತ್ತಿದ್ದರು. ಸೀರೆಯ ಮೈಯ ಎಳೆಗಳನ್ನು ಅಪ್ಪ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ, ಎದುರಿಗೆ ಅಜ್ಜಿ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಹಿಡಿದು ಕೂತಿರುತ್ತಿದ್ದಳು, ನಡುವೆ ಅವ್ವ ಒಂದೊಂದು ಎಳೆಯನ್ನು ಒಂದೊಂದು ಎಳೆಗೆ ಕೊಂಡಿ ಹಾಕುತ್ತಿದ್ದಳು. ಸಾವಿರಾರು ಕೊಂಡಿ. ಇಬ್ಬರಲ್ಲಿ ಒಬ್ಬರ ಕೈ ಸಡಿಲಾದರೂ ಹಾಕಿದ ಕೊಂಡಿ ಜಾರಿ ಹೋಗುವುದು. ಮಾತು, ಬೈಗುಳ, ನಗು ಎಲ್ಲ ನಡೆದು ಅರ್ಧ ದಿನಕ್ಕೆ ಕೆಲಸ ಮುಗಿಯುತ್ತಿತ್ತು. ಅಪ್ಪ ತೀರಿಕೊಂಡ, ಮರು ವರ್ಷ ಅಜ್ಜಿ ಹೋದಳು. ಮಗ್ಗ ನಿಲ್ಲಲಿಲ್ಲ. ನೇಯುವುದು ಒಬ್ಬರ ಕೆಲಸ, ಅದು ಹೇಗೋ ನಡೆಯುತ್ತಿತ್ತು. ಕೊಂಡಿಯ ದಿನ ಬಂತೆಂದರೆ ಅವ್ವ ಮೈಯ ಎಳೆಗಳ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು. ರೇಷ್ಮೆಯ ಕಟ್ಟನ್ನು ಬಲಗಾಲಿನ ಹೆಬ್ಬೆರಳಿಗೆ ಸುತ್ತಿ, ಕಾಲು ನೀಡಿ ಬಿಗಿ ಮಾಡಿ, ಬೆನ್ನು ಬಾಗಿಸಿ ಕೂರುತ್ತಿದ್ದಳು. ಬೆಳಗಿನ ರೊಟ್ಟಿಯಿಂದ ದೀಪ ಹಚ್ಚುವವರೆಗೆ ಆ ಕಾಲನ್ನು ಮಡಚುವ ಹಾಗಿರಲಿಲ್ಲ. ಈಗಲೂ ಆ ಹೆಬ್ಬೆರಳು ಒಂದು ಬದಿಗೆ ವಾಲಿದೆ. ಇಷ್ಟು ವರ್ಷ ದಿನಾ ಕಂಡಿದ್ದ ಬೆರಳು, ಈ ದಿನ ಬೆಳಿಗ್ಗೆ ರೊಟ್ಟಿ ಬಡಿಸಲು ಅವಳು ಮುಂದೆ ಬಂದಾಗ ಅವನು ತಟ್ಟೆಯಿಂದ ಕಣ್ಣು ಎತ್ತಲಾರದೆ ಅದನ್ನೇ ನೋಡುತ್ತ ಕೂತಿದ್ದ.

ಆಗ ಅವನೆಲ್ಲಿದ್ದ? ಮನೆಯಲ್ಲೇ ಇದ್ದ. ಮುಂದಿನ ಪಡಸಾಲೆಯಲ್ಲಿ, ನಿನ್ನೆ ಕೂತು ಪ್ರಶ್ನೆ ಓದಿದ ಜಾಗದಲ್ಲೇ, ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂತಿದ್ದ. ಬಾಗಲಕೋಟೆಯಲ್ಲಿ ಶಾಲೆಗಳ ಕ್ವಿಜ್ ಇತ್ತು. ದೇಶಗಳು, ರಾಜಧಾನಿಗಳು, ನಾಣ್ಯಗಳು. ಗಟ್ಟಿಯಾಗಿ ಓದಿದರೆ ನೆನಪಿರುತ್ತದೆ ಎಂದು ಮಾಸ್ತರರು ಹೇಳಿದ್ದರು. ಗೆದ್ದು ಬಹುಮಾನದ ಒಂದು ಢಾಲು ಹಿಡಿದುಕೊಂಡು ಬಂದ ದಿನ ಓಡುತ್ತ ಒಳಗೆ ಹೋದರೆ ಅವ್ವ ಎದ್ದು ಬರಲಿಲ್ಲ. ಕಾಲಿಗೆ ರೇಷ್ಮೆ ಸುತ್ತಿತ್ತು. "ಯವ್ವಾ, ಎಮ್ಮಿ ಕಟ್ಟಿದಂಗ ನಿನ್ನ ಯಾರು ಕಟ್ಟ್ಯಾರ?" ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು, ಕೂತಲ್ಲಿಂದಲೇ ಢಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು. ಆ ನಗು, ನಿನ್ನೆ ಹಾಕಿದ ನಗುವ ಮುಖ. ಮೂವತ್ತು ವರ್ಷದಲ್ಲಿ ತಾನು ಒಂದೇ ವಿಷಯಕ್ಕೆ ಎರಡು ಸಲ ನಕ್ಕೆ ಎಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ನಕಲು ವಿಭಾಗದ ತನ್ನ ಕುರ್ಚಿಗೆ ಬಂದು ಕೂತಾಗಿತ್ತು. ಕಿಟಕಿಯ ಆಚೆಯಿಂದ ಯಾರೋ, "ಸಾಹೇಬ್ರ, ಶುಕ್ರವಾರದ ನಕಲು ಆತೇನ್ರಿ?" ಎಂದರು. ಇನ್ನೂ ಇಲ್ಲ ಎಂದ. ಆಗಿತ್ತು, ಮೇಜಿನ ಮೇಲೇ ಇತ್ತು.

ಅವನ ಮುಂದೆ ಇದ್ದದ್ದು ಒಂದು ಹೊಲದ ಗಡಿಯ ದಾವೆಯ ಕಾಗದ. ಅಮೀನಗಡ ಕಡೆಯ ಯಾವುದೋ ಮುದುಕಿ ಸಾಕ್ಷಿ ಹೇಳಿದ್ದಳು. ಪಾಟೀಸವಾಲಿನಲ್ಲಿ ವಕೀಲರು ಅವಳನ್ನು ಎಷ್ಟು ತಿರುಗಿಸಿ ಕೇಳಿದ್ದರೂ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದರು. ನಂಬುವುದು ಬಿಡುವುದು ಆಮೇಲಿನ ಮಾತು. ಮೊದಲು ನೀನು ಅದನ್ನು ಹೇಗೆ ಬಲ್ಲೆ ಎಂದು ಕೇಳುತ್ತಾರೆ. ಅವನು ಕೇಳಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋಗಿ ಬಾಗಿಲಲ್ಲಿ ನಿಂತು, ಯಾಕವ್ವ ಒಬ್ಬರು ಅಂದಿ ಎಂದು ಕೇಳಿದ್ದರೆ ಸಾಕಿತ್ತು. ಹಾಗೆ ಕೇಳಿದರೆ ಉತ್ತರ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲವೇನೋ. ಹನ್ನೊಂದು ಗಂಟೆಗೆ ನರ್ಗೀಸ ಅವರಿಂದ ಅವನೊಬ್ಬನಿಗೇ ಸಂದೇಶ ಬಂತು. 'ಸರ್, ಆ ಬಾಳವ್ವನವರ ಉತ್ತರ ನನ್ನ ತಲ್ಯಾಗ ಉಳದೈತ್ರಿ. ಅವರನ್ನ ಒಂದು ಮಾತು ಕೇಳಬೇಕಿತ್ತು.' ಅವನಿಗೆ ಸಿಟ್ಟು ಬಂತು. 'ಉತ್ತರದ ಪುಟದಲ್ಲಿ ಮೂವರು ಎಂದೇ ಇದೆ ಮೇಡಂ' ಎಂದು ಬರೆದ. ಕೂಡಲೇ ಮರುಉತ್ತರ ಬಂತು. 'ಹೌದ್ರಿ. ನಾನೂ ಅಲ್ಲೇ ಓದಿದ್ದು. ಅವರು ಓದಿ ಹೇಳಿಲ್ಲಲ್ರಿ.'

ಮಧ್ಯಾಹ್ನ ಡಬ್ಬಿ ಬಿಚ್ಚಿದ. ರೊಟ್ಟಿ, ಬದನೆಕಾಯಿ, ಮೂಲೆಯಲ್ಲಿ ಶೇಂಗಾ ಚಟ್ನಿ. ಎಂದಿನ ಹಾಗೇ ಇತ್ತು. ಅವ್ವ ಸಿಟ್ಟು ಮಾಡಿಕೊಂಡು ಉಪ್ಪು ಹೆಚ್ಚು ಹಾಕಿದ್ದರೆ, ಇಲ್ಲ ಮಾತು ಬಿಟ್ಟಿದ್ದರೆ ಅವನಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. ಬೆಳಿಗ್ಗೆ ಅವಳು, "ಸಂಜೀಕ ಲಗೂನ ಬಾ, ಸುನಿತಾಗ ಬಜಾರಕ್ಕ ಹೋಗೂದೈತಂತ" ಎಂದಷ್ಟೇ ಹೇಳಿದ್ದಳು. ಎರಡನೆಯ ತುತ್ತಿಗೇ ಕೈ ತೆಗೆದ. ಡಬ್ಬಿ ಮುಚ್ಚಿ ಕೋರ್ಟಿನ ಹಿಂದಿನ ಬೇವಿನ ಮರದ ಕೆಳಗೆ ಹೋದ. ಹೇಳಿಬಿಡಬೇಕು. ಗುಂಪಿನಲ್ಲೇ ಹೇಳಬೇಕು. ಅವಳಿಗೆ ಓದಲು ಬಾರದು, ಆದ್ದರಿಂದ ದನಿಯಲ್ಲೇ ಹೇಳಬೇಕು. ಫೋನನ್ನು ಬಾಯಿಗೆ ಹಿಡಿದು, ಆತ್ಮೀಯ ಗೆಳೆಯರೇ, ನಿನ್ನೆಯ ನಾಲ್ಕನೆಯ ಪ್ರಶ್ನೆಗೆ ಸಂಬಂಧಿಸಿದಂತೆ ಒಂದು ತಿದ್ದುಪಡಿ ಎಂದು ಶುರು ಮಾಡಿದ. ಅಳಿಸಿದ. ಮತ್ತೆ ಶುರು ಮಾಡಿದ. ನನ್ನ ಪೂಜ್ಯ ಮಾತೃಶ್ರೀಯವರು ಎಂಬ ಮಾತು ಬಾಯಿಂದ ಬಂದಾಗ ಅವನಿಗೇ ಹೇಸಿಗೆಯಾಯಿತು, ಅದನ್ನೂ ಅಳಿಸಿದ. ಮರಕ್ಕೆ ಕಟ್ಟಿದ್ದ ಯಾರದೋ ಆಡು ಅವನನ್ನೇ ನೋಡುತ್ತ ನಿಂತಿತ್ತು.

ಐದನೆಯ ಸಲ ಮನೆಯ ಮಾತೇ ಬಂತು. "ನಾ ರಾಜಕುಮಾರ ಮಾತಾಡಾಕತ್ತೇನ್ರಿ. ನಿನ್ನಿ ನಾಕನೇ ಪ್ರಶ್ನಿಗೆ ಬಾಳವ್ವ ಅನ್ನಾರು ಒಬ್ರು ಸಾಕು ಅಂದ್ರಲ್ರಿ, ಅವರು ನಮ್ಮವ್ವ. ಇಷ್ಟು ದಿನ ನಾ ಹೇಳಿರಲಿಲ್ಲ. ಯಾಕ ಹೇಳಲಿಲ್ಲಂದ್ರ, ನಾಚಿಕಿ ಆಗ್ತಿತ್ತು, ಅಷ್ಟ. ನಮ್ಮಪ್ಪ ಹೋದ ಮ್ಯಾಲೆ ಆಕಿ ಕಾಲಬೆರಳಿಗೆ ರೇಷ್ಮಿ ಕಟಗೊಂಡು ಒಬ್ಬಾಕಿನ ಕೊಂಡಿ ಹಾಕ್ಯಾಳ. ಎಂಟು ವರ್ಷ ಹಾಕ್ಯಾಳ. ನನಗ ಕೈ ಇದ್ದುವು, ನಾ ಪುಸ್ತಕ ಹಿಡಕೊಂಡು ಕುಂತಿದ್ದೆ. ರಾಚಪ್ಪಣ್ಣ, ಚಾ ಕುಡ್ಯಾಕ ಹೋದಾವರೊಳಗ ಒಬ್ಬ ನಾನ. ಬಾಳವ್ವನ ಉತ್ತರ ತಪ್ಪಲ್ಲ. ಆಕಿಗೆ ಹತ್ತು ಅಂಕ ಕೊಡಾಕತ್ತೇನಿ." ದನಿ ಒಂದೆರಡು ಕಡೆ ನಡುಗಿತ್ತು. ಅಳಿಸಲು ಬೆರಳು ಹೋಯಿತು, ಅಷ್ಟರಲ್ಲಿ ಹೋಗಿಬಿಟ್ಟಿತ್ತು. ನಿನ್ನೆಯ ಪಟ್ಟಿಯನ್ನು ತೆರೆದು ಕಡೆಯಲ್ಲಿದ್ದ ಬಾಳವ್ವ, ಇಳಕಲ್ ಎಂಬ ಹೆಸರಿನ ಮುಂದಿನ ಸೊನ್ನೆಯನ್ನು ಹತ್ತು ಮಾಡಿ ಮತ್ತೆ ಹಾಕಿದ.

ಐದು ನಿಮಿಷಕ್ಕೆ ಗುಂಪಿನವರ ಉತ್ತರಗಳು ಕಟ್ಟೆ ಒಡೆದ ಹಾಗೆ ಬಂದವು. ಮುಗಿದ ಕೈಗಳು, ಹೃದಯಗಳು, ಚಪ್ಪಾಳೆ. ಡ್ಯೂಟಿಯಲ್ಲಿ ಕೂತು ಅತ್ತುಬಿಟ್ಟೆ ಎಂದು ಕಾಸಿಂಬಿ ಬರೆದರು. ರಾಚಪ್ಪನ ದನಿಯ ಹಿಂದೆ ಈ ಸಲ ಯಾವ ಇಂಜಿನ್ನಿನ ಸದ್ದೂ ಇರಲಿಲ್ಲ. "ಯವ್ವಾ, ತಪ್ಪಾತವ್ವಾ. ಬಾಯಿಗೆ ಬಂದದ್ದು ಅಂದೆ. ರಾಜಣ್ಣ, ನೀ ದೊಡ್ಡಾಂವ ಆದಿ ಬಿಡು." ಇಂಥ ಮಗನನ್ನು ಹೆತ್ತ ತಾಯಿ ಧನ್ಯೆ ಎಂದು ಯಾರೋ ಬರೆದರು. ತಾಯಂದಿರ ಮೇಲೇ ಒಂದು ವಾರದ ಪ್ರಶ್ನೆ ಇಡೋಣ ಎಂದು ಇನ್ನೊಬ್ಬರು. ರಾಜಕುಮಾರ ಕಿಟಕಿಗೆ ಮರಳಿ ಬಂದು, ಶುಕ್ರವಾರದ ಕಾಗದವನ್ನು ಕೇಳಿದವನಿಗೆ ನಗುತ್ತ ಕೊಟ್ಟ. ಮಧ್ಯಾಹ್ನವೆಲ್ಲ ಎರಡು ಸಾಲು ಬರೆಯುವುದು, ಫೋನು ನೋಡುವುದು. ಹೃದಯಗಳು ನಲವತ್ತೆರಡಾದವು. ತನ್ನ ಮಾತನ್ನು ತಾನೇ ಕಿವಿಗೆ ಹಿಡಿದು ಮೂರು ಸಲ ಕೇಳಿದ. ನಾ ಪುಸ್ತಕ ಹಿಡಕೊಂಡು ಕುಂತಿದ್ದೆ ಎಂಬಲ್ಲಿ ದನಿ ಒಡೆದದ್ದು ಚೆನ್ನಾಗಿ ಬಂದಿದೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ನಾಲ್ಕನೆಯ ಸಲ ಕೇಳಿದ. ನರ್ಗೀಸ ಮಾತ್ರ ಏನೂ ಬರೆದಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಮೈ ಹಗುರಾಗಿತ್ತು, ಜ್ವರ ಇಳಿದ ಮೇಲೆ ಆಗುವ ಹಾಗೆ. ಅವ್ವ ಕೇಳಿರುತ್ತಾಳೆ. ಅಳುತ್ತಾಳೆ. ಅವಳು ಅತ್ತರೆ ತಾನೂ ಅಳುತ್ತೇನೆ. ಇಷ್ಟು ವರ್ಷ ಆಡದೆ ಉಳಿದದ್ದನ್ನೆಲ್ಲ ಆಡಿ ಮುಗಿಸಿದರೆ ನಾಳೆಯಿಂದ ಸುಮ್ಮನೆ ಇರಬಹುದು. ಏನೂ ಹೇಳದೆ ಬಂದು ತಲೆಯ ಮೇಲೆ ಕೈ ಇಟ್ಟರೂ ಸಾಕು. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಮನೆಯ ಬಾಗಿಲಲ್ಲಿ ಸುನಿತಾ ಚೀಲ ಹಿಡಿದು ನಿಂತಿದ್ದಳು, ಕಣ್ಣು ಕೆಂಪಾಗಿದ್ದವು. "ಅತ್ತಿ ಎರಡು ಸಲ ಹಚ್ಚಿಕೊಂಡು ಕೇಳಿದ್ರು" ಎಂದು ಮೆಲ್ಲಗೆ ಹೇಳಿದಳು. "ಏನಂದ್ಲು?" ಎಂದ. "ಏನೂ ಅನ್ನಲಿಲ್ರಿ." ಅವಳು ಅವನ ತೋಳು ಮುಟ್ಟಿ ಬಜಾರಕ್ಕೆ ಹೋದಳು.

ಅವ್ವ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಆ ಹಲಗೆಯ ಕೆಳಗೆ, ನೇಯುವಾಗ ಕಾಲು ಇಳಿಬಿಡುತ್ತಿದ್ದ ಮಗ್ಗದ ಕುಣಿ ಇದೆ. ಮಗ್ಗ ಬಿಚ್ಚಿ ಇಪ್ಪತ್ತೆರಡು ವರ್ಷವಾಯಿತು. "ಬಂದ್ಯಾ? ಕಾಲು ತೊಳಕೊಂಡು ಬಾ, ಚಾ ಇಡ್ತೇನಿ" ಎಂದಳು. ಅವನು ಕಾಲು ತೊಳೆದು ಬಂದು ಎದುರಿಗೆ ನೆಲದ ಮೇಲೆ ಕೂತ. ಅವಳು ಚಾ ಇಡಲು ಏಳಲಿಲ್ಲ. ಎರಡು ಕಡ್ಡಿ ಸೊಪ್ಪು ಬಿಡಿಸಿದಳು.

"ಆ ಹತ್ತು ಮಾರ್ಕು ತಗದು ಹಾಕು" ಎಂದಳು.

"ಯಾಕವ್ವ?"

"ಮೂರು ಮಂದಿನ ಬೇಕಾಗ್ತೈತಿ ತಮ್ಮಾ. ಆ ಬಾದಾಮಿ ಬಾಯಾರು ಹೇಳಿದ್ದ ಖರೆ. ಒಬ್ರ ಹಾಕಿದ ಕೊಂಡಿ ಕೊಂಡಿ ಅಲ್ಲ ಅದು. ಸಾವ್ಕಾರ ಸೀರಿ ಬಿಚ್ಚಿದ ಕೂಡ್ಲೆ ಬೆರಳಾಡಿಸಿ ಹೇಳತಿದ್ದ, ಬಾಳವ್ವಾ ಇಲ್ಲಿ ಸಡ್ಲ ಆಗೈತಿ, ಇಲ್ಲಿ ಬಿಗಿ ಆಗೈತಿ ಅಂತ. ಎಷ್ಟು ಸೀರಿ ಹೊಳ್ಳಿಸಿ ಕೊಟ್ಟಾನ. ಆ ಕೆಲಸ ಒಬ್ರಿಂದ ಆಗಂಗಿಲ್ಲ."

"ಮತ್ತ ನಿನ್ನಿ ಒಬ್ರು ಸಾಕು ಅಂದ್ಯಲ್ಲ?"

ಅವಳು ಸೊಪ್ಪಿನ ಕಡ್ಡಿಯನ್ನು ತಿರುವಿ ನೋಡಿದಳು. "ನೀ ಕೇಳಿದ್ದು ಎಷ್ಟು ಮಂದಿ ಬೇಕು ಅಂತ. ನಾ ಎಷ್ಟು ಮಂದಿ ಇದ್ವಿ ಅಂತ ಹೇಳಿಬಿಟ್ನಿ. ಗೊತ್ತಿದ್ದದ್ದ ಬಂತಲ್ಲ ಅಂತ ಹಿಗ್ಗಿಗೆ ವಿಚಾರ ಮಾಡಲಿಲ್ಲ ನೋಡು."

ಬಸ್ಸಿನಲ್ಲಿ ಅವನು ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಇಲ್ಲಿಗೆ ಹೊಂದುತ್ತಿರಲಿಲ್ಲ. ನಲವತ್ತೆರಡು ಹೃದಯಗಳು ಅಂಗಿಯ ಕಿಸೆಯಲ್ಲಿದ್ದವು, ಆಗಾಗ ಇನ್ನೊಂದು ಬಂದು ಟಿಣ್ ಎನ್ನುತ್ತಿತ್ತು. ಅವ್ವ ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅವನು ಹೆದರಿದ ಯಾವುದೂ ಇರಲಿಲ್ಲ. ಮಗ ಮಂದಿಯ ಮುಂದೆ ತನ್ನನ್ನು ತಾನು ಹಳಿದುಕೊಂಡನಲ್ಲ ಎಂಬ ಸಂಕಟ ಇತ್ತು. "ಮಂದಿ ಮುಂದ ಅಷ್ಟೆಲ್ಲಾ ಯಾಕ ಹೇಳಾಕ ಹೋದಿ?" ಎಂದಳು. "ನಾ ಪುಸ್ತಕ ಹಿಡಕೊಂಡು ಕುಂತಿದ್ದೆ, ಹಂಗ ಹಿಂಗ ಅಂತ. ನಿಂದೇನ ತಪ್ಪೈತಿ ಅದರಾಗ? ಓದು ಹುಡುಗ ನೀ. ನಾ ಕರೀಲೇ ಇಲ್ಲ ನಿನ್ನ. ಕರದಿದ್ರ ಬರ್ತಿದ್ದಿ."

ಕರೆದಿದ್ದಳು. ಬೇವಿನ ಮರದ ಕೆಳಗೆ ಐದು ಸಲ ಬಾಯಿ ತೆರೆದಾಗಲೂ ಅವನು ಅದನ್ನು ಹೇಳಿರಲಿಲ್ಲ, ಸುನಿತಾಳಿಗೂ ಎಂದೂ ಹೇಳಿರಲಿಲ್ಲ. ಅಜ್ಜಿ ಹೋದ ಮೇಲಿನ ಮೊದಲ ಕೊಂಡಿಯ ದಿನ ಈ ಕೋಣೆಯಿಂದ ದನಿ ಬಂದಿತ್ತು. ರಾಜಾ, ಒಂದೀಟ ಬಾರೋ. ಅವನು ಕೇಳಿಸಿಕೊಂಡಿದ್ದ. ಪುಟದ ಮೇಲೆ ಬೆರಳು ಇಟ್ಟುಕೊಂಡು ಅಲ್ಲಾಡದೆ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು, ಮೊದಲಿಗಿಂತ ಮೆಲ್ಲಗೆ. ಆಗ ಅವನು ಗಟ್ಟಿಯಾಗಿ ಓದತೊಡಗಿದ. ಅವಳ ದನಿ ಮುಳುಗುವಷ್ಟು ಗಟ್ಟಿಯಾಗಿ ಒಂದೊಂದೇ ದೇಶ, ಒಂದೊಂದೇ ರಾಜಧಾನಿ. ಮೂರನೆಯ ಸಲ ಕರೆದಳೋ ಇಲ್ಲವೋ ಅವನಿಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಬಂದ ಕೊಂಡಿಯ ದಿನಗಳಲ್ಲಿ ಅವಳು ಕರೆಯಲಿಲ್ಲ, ಕಿಟಕಿಯ ಸರಳಿಗೆ ಕಟ್ಟಿಕೊಂಡಳು.

"ಕರದಿದ್ದಿ ಯವ್ವಾ" ಎಂದ. "ಎರಡು ಸಲ ಕರದಿ. ನನಗ ಕೇಳಿಸಿತ್ತು."

"ಇಲ್ಲ" ಎಂದಳು ಅವ್ವ.

ಅವನ ಮಾತು ಮುಗಿಯುವ ಮೊದಲೇ ಅಂದಿದ್ದಳು. ಕೈ ಸೊಪ್ಪಿನ ಮೇಲೆ ನಿಂತಿತ್ತು. "ಇಲ್ಲ ತಮ್ಮಾ, ನಾ ಕರದಿಲ್ಲ. ಒಟ್ಟ ಕರದಿಲ್ಲ. ನಿನಗ ನೆನಪಿಲ್ಲ ಬಿಡು." ಎರಡನೆಯ ಸಲ ಹೇಳುವಾಗ ಅವಳು ಅವನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಮೂವತ್ತು ವರ್ಷ ಅವಳಿಗೆ ಎಲ್ಲವೂ ನೆನಪಿತ್ತೆಂದು, ಅವನು ಕೇಳಿಸಿಕೊಂಡಿದ್ದನೆಂಬುದೂ ಗೊತ್ತಿತ್ತೆಂದು ಅವನಿಗೆ ಆಗ ತಿಳಿಯಿತು. ಅವನು ಅಳಲಿಲ್ಲ. ಅಳು ಬಂದಿದ್ದರೆ ಅವಳೇ ಎದ್ದು ಬಂದು ಸಮಾಧಾನ ಮಾಡಬೇಕಾಗುತ್ತಿತ್ತು.

"ತಗದಿ ಏನ?" ಎಂದಳು.

ಅವನು ಕಿಸೆಯಿಂದ ಫೋನು ತೆಗೆದು ಪಟ್ಟಿ ತೆರೆದ. ಕಡೆಯ ಹೆಸರಿನ ಮುಂದಿನ ಹತ್ತನ್ನು ಅಳಿಸಿ ಸೊನ್ನೆ ಬರೆದು ಕಳಿಸಿದ. ಹಲಗೆಯ ಮೇಲೆ ಅವಳ ಫೋನು ಟಿಣ್ ಎಂದಿತು. ಏನಾಯಿತು ಸರ್, ಯಾಕೆ ಸರ್, ಅನ್ಯಾಯ ಸರ್ ಎಂದು ಗುಂಪಿನಲ್ಲಿ ಒಬ್ಬೊಬ್ಬರೇ ಕೇಳತೊಡಗಿದರು. ಅವನು ಯಾರಿಗೂ ಉತ್ತರ ಕೊಡಲಿಲ್ಲ.